ಪದಕದ ಅಂಚಿನಲ್ಲಿ ನಮ್ಮೂರಿನ ಹೆಸರುಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆ ಹುಟ್ಟಿದ ಕತೆ, ಕಟ್ಟಡ ಎದ್ದ ಕತೆ, ದಾನಿಗಳ ಹೆಸರು, ಇವನ್ನೆಲ್ಲ ನನಗಿಂತ ಹಿರಿಯರು ಬರೆಯುತ್ತಾರೆ. ಇಲ್ಲಿ ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ನೆನಪಾಗುವುದು ಸ್ಟಾಫ್ ರೂಮಿನ ಮೂಲೆಯಲ್ಲಿ, ಭೂಪಟಗಳ ಸ್ಟ್ಯಾಂಡಿನ ಹಿಂದೆ ಇದ್ದ ಹಸಿರು ಬಣ್ಣದ ತಗಡಿನ ಟ್ರಂಕು. ಮಕ್ಕಳು ಅದನ್ನು ‘ಮಿಲಿಟರಿ ಪೆಟ್ಟಿಗೆ’ ಎನ್ನುತ್ತಿದ್ದರು. ಅದರೊಳಗೆ ಏನಿತ್ತು, ಅದು ಹೇಗೆ ತುಂಬಿತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಆರಂಭವಾದದ್ದು ನಮ್ಮ ಮನೆಯಿಂದಲೇ. ಅಂಕೋಲೆಯ ಹತ್ತಿರದ ನಮ್ಮ ಹಳೆಯ ಮನೆಯ ಹೆಬ್ಬಾಗಿಲ ಮೇಲೆ ಅಜ್ಜನಿಗೆ ಸಿಕ್ಕಿದ ತಾಮ್ರಪತ್ರವನ್ನು ಗಾಜು ಹಾಕಿಸಿ ತೂಗುಹಾಕಿದ್ದರು. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರಕಾರ ಕೊಟ್ಟ ತಾಮ್ರಪತ್ರ ಅದು. ಬಂದವರೆಲ್ಲ ಅದನ್ನು ನೋಡಿ ಕೈಮುಗಿಯುತ್ತಿದ್ದರು. ಅದೇ ಮನೆಯ ಅಟ್ಟದ ಮೇಲೆ, ಒಡೆದ ಕೊಪ್ಪರಿಗೆಯ ಕೆಳಗೆ, ಒಂದು ಚಿಂದಿಬಟ್ಟೆಯ ಗಂಟಿನಲ್ಲಿ ಅಜ್ಜನ ಅಪ್ಪನ ಪದಕ ಇತ್ತು. ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಮನೆಯಲ್ಲಿ ಆ ಮುತ್ತಜ್ಜನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಬಸ್ರಾ ಅಜ್ಜ’ ಎನ್ನುತ್ತಿದ್ದರು. ಬಸ್ರಾ ಎಂದರೆ ಇರಾಕಿನ ಬಂದರು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿಯವರೆಗೆ ಅದು ಅವರ ಅಡ್ಡಹೆಸರು ಅಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಗಂಟು ಕೈಗೆ ಸಿಕ್ಕಿತು. ಕಂಚಿನ ದುಂಡನೆಯ ಪದಕ. ಒಂದು ಬದಿಗೆ ರೆಕ್ಕೆಯಿರುವ ಹೆಣ್ಣಿನ ಚಿತ್ರ, ಇನ್ನೊಂದು ಬದಿಗೆ ನಾಗರಿಕತೆಗಾಗಿ ನಡೆದ ಮಹಾಯುದ್ಧ, 1914ರಿಂದ 1919 ಎಂಬ ಇಂಗ್ಲಿಷ್ ಬರಹ. ರಿಬ್ಬನ್ನು ಪೂರ್ತಿ ಕೊಳೆತುಹೋಗಿತ್ತು. ಅದನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದೆ, ಆದರೆ ನೋಡಬೇಕಾದ ಜಾಗ ಮಾತ್ರ ನೋಡಲಿಲ್ಲ. ಒಂದು ದಿನ ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ಸಣ್ಣ ಅಕ್ಷರಗಳು ಕಂಡವು: ಒಂದು ನಂಬರು, ಮುತ್ತಜ್ಜನ ಹೆಸರು (ಇಂಗ್ಲಿಷಿನಲ್ಲಿ ಅರ್ಧ ಕೆಟ್ಟುಹೋದದ್ದು), ಆಮೇಲೆ ‘3 ಎಸ್. ಆಂಡ್ ಎಂ.’

ಈ ‘ಎಸ್. ಆಂಡ್ ಎಂ.’ ನನ್ನನ್ನು ನಾಲ್ಕು ವರ್ಷ ದಾರಿ ತಪ್ಪಿಸಿತು. ಹುಬ್ಬಳ್ಳಿಯ ಕಡೆ ಓಡಾಡಿದವರಿಗೆ ಹಳೆಯ ಎಂ. ಆಂಡ್ ಎಸ್. ಎಂ. ರೈಲ್ವೆ, ಎಂದರೆ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ, ಗೊತ್ತು. ನಮ್ಮ ಮುತ್ತಜ್ಜ ರೈಲ್ವೆಯಲ್ಲಿ ಕೂಲಿಯಾಗಿದ್ದಿರಬೇಕು, ಯುದ್ಧಕಾಲದಲ್ಲಿ ಹಳಿ ಹಾಕಲು ಬಸ್ರೆಗೆ ಒಯ್ದಿರಬೇಕು ಎಂದು ನಾನೇ ಒಂದು ಕತೆ ಕಟ್ಟಿದೆ. ತರಗತಿಯಲ್ಲಿ ಮಕ್ಕಳಿಗೂ ಹೇಳಿಬಿಟ್ಟೆ. ಆಮೇಲೆ ತರಬೇತಿಗೆಂದು ಪುಣೆಗೆ ಹೋದಾಗ ಖಡಕಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಿಗೆ ಪದಕ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೇ ನಿಮಿಷದಲ್ಲಿ ನಕ್ಕರು. ಎಸ್. ಆಂಡ್ ಎಂ. ಎಂದರೆ ಸ್ಯಾಪರ್ಸ್ ಆಂಡ್ ಮೈನರ್ಸ್. ಮೂರನೆಯ ಸ್ಯಾಪರ್ಸ್ ಎಂದರೆ ಆ ಕಾಲದ ಬಾಂಬೆ ಸ್ಯಾಪರ್ಸ್, ಖಡಕಿಯೇ ಅವರ ಮನೆ. ಸೇತುವೆ ಕಟ್ಟುವುದು, ಕಂದಕ ತೋಡುವುದು, ಸಿಡಿಮದ್ದು ಇಟ್ಟು ಕೆಡವುವುದು ಅವರ ಕೆಲಸ. “ಮಾಸ್ತರ್‌ಜೀ, ನಿಮ್ಮ ಮುತ್ತಜ್ಜ ಕೂಲಿ ಅಲ್ಲ, ನಮ್ಮವರು” ಎಂದರು.

ಉತ್ತರ ಕನ್ನಡದವರು ಪುಣೆಯ ಪಲ್ಟನಿಗೆ ಸೇರಿದ್ದು ಹೇಗೆ ಎಂದು ಇಂದಿನ ಮಕ್ಕಳು ಕೇಳುತ್ತಾರೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕೆಲಸ ಬೇಕಾದವರು ಕಾರವಾರದಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿದ್ದರು. ಪಲ್ಟನಿಗೆ ಸೇರುವವರು ಬೆಳಗಾವಿಗೋ ಪುಣೆಗೋ ಹೋಗುತ್ತಿದ್ದರು. ಹಾಗಾಗಿ ನಮ್ಮವರ ಹೆಸರು ಹುಡುಕುವವರು ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ನಾರ್ತ್ ಕೆನರಾ, ಬಾಂಬೆ’ ಎಂದೇ ಹುಡುಕಬೇಕು. ಮೈಸೂರು ಎಂದು ಹುಡುಕಿದರೆ ಏನೂ ಸಿಗದು.

ಮೆಸೊಪೊಟೇಮಿಯಾಕ್ಕೆ, ಎಂದರೆ ಈಗಿನ ಇರಾಕಿಗೆ, ಮೊದಲು ಹೋದದ್ದು ಪುಣೆಯ ಆರನೆಯ ಡಿವಿಜನ್. ಅದರ ಜೊತೆ ಬಾಂಬೆ ಸ್ಯಾಪರ್ಸ್‌ನ 17 ಮತ್ತು 22ನೇ ಕಂಪನಿಗಳಿದ್ದವು. ಕುತ್ ಎಂಬ ಊರಿನಲ್ಲಿ ತುರ್ಕಿಯವರು ಅವರನ್ನು 1915ರ ಡಿಸೆಂಬರಿನಿಂದ ಸುತ್ತುಗಟ್ಟಿ ನಿಂತರು. 1916ರ ಏಪ್ರಿಲ್ 29ರಂದು ಹಸಿವಿನಿಂದ ಸೋತು ಶರಣಾದಾಗ ಸುಮಾರು ಹದಿಮೂರು ಸಾವಿರ ಜನ ಸೆರೆಯಾದರು. ಅವರಲ್ಲಿ ಎಷ್ಟೋ ಮಂದಿ ಮರುಭೂಮಿಯ ನಡಿಗೆಯಲ್ಲೇ ಸತ್ತರು. ನನ್ನ ಮುತ್ತಜ್ಜ ಆ ಕಂಪನಿಗಳಲ್ಲಿದ್ದರೋ, ಆಮೇಲೆ ಹೋದ ಬೇರೆ ಕಂಪನಿಯಲ್ಲಿದ್ದರೋ, ಪದಕದ ಅಂಚು ಅಷ್ಟು ಹೇಳುವುದಿಲ್ಲ. ನಂಬರು, ದರ್ಜೆ, ಹೆಸರು, ಪಲ್ಟನು ಇಷ್ಟೇ ಅದರ ಮಾತು.

ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕವಿದೆ. ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಗೊತ್ತಿಲ್ಲದ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗಾಗಿ ಅದನ್ನು ಕಟ್ಟಿದರು. ಆದರೆ ಬ್ರಿಟಿಷ್ ಸಿಪಾಯಿಯ ಹೆಸರು ಕಲ್ಲಿನ ಮೇಲೆ ಬಂತು, ಭಾರತೀಯ ಸಿಪಾಯಿಗಳದ್ದು ಬರಲಿಲ್ಲ. ಪಲ್ಟನಿನ ಹೆಸರಿನ ಕೆಳಗೆ ಇಷ್ಟು ಮಂದಿ ಎಂದು ಸಂಖ್ಯೆ ಮಾತ್ರ. ಯುದ್ಧಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರ ಏಪ್ರಿಲಿನಲ್ಲಿ ಒಂದು ವರದಿ ಹೊರಡಿಸಿ, ಏಷ್ಯಾ ಆಫ್ರಿಕಾಗಳ ಸೈನಿಕರನ್ನು ಸಮಾನವಾಗಿ ಸ್ಮರಿಸಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಹೀಗಿರುವಾಗ ಪದಕದ ಅಂಚಿನ ಆ ಅರ್ಧ ಕೆಟ್ಟ ಇಂಗ್ಲಿಷ್ ಹೆಸರಿಗೆ ಎಷ್ಟು ಬೆಲೆ ನೋಡಿ. ಇನ್ನೊಂದು ಮಾತು. ಆ ಆಯೋಗದ ಪಟ್ಟಿ ಸತ್ತವರದ್ದು. ಬದುಕಿ ಬಂದವನ ಹೆಸರು ಅದರಲ್ಲಿ ಸೇರುವುದಿಲ್ಲ. ಬಸ್ರಾ ಅಜ್ಜ ಮರಳಿ ಬಂದು ಗದ್ದೆ ಉತ್ತದ್ದೇ ತಪ್ಪಾಯಿತೋ ಏನೋ!

ಮನೆಯಲ್ಲಿ ಇದ್ದದ್ದು ಒಂದೇ ಪದಕ, ಇರಬೇಕಾದದ್ದು ಎರಡು. ಕಂಚಿನ ವಿಕ್ಟರಿ ಪದಕದ ಜೊತೆ ಬೆಳ್ಳಿಯ ಯುದ್ಧಪದಕವನ್ನೂ ಸಿಪಾಯಿಗಳಿಗೆ ಕೊಡುತ್ತಿದ್ದರು. ಅದು ಸರಿಯಾದ ಬೆಳ್ಳಿ, ಹೆಚ್ಚುಕಡಿಮೆ ಮೂರು ತೊಲ ತೂಕ. (ಕೂಲಿದಳದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಮಾಡಿಸಿದ್ದರು. ಪದಕದಲ್ಲೂ ಮೇಲುಕೀಳು.) ಅದು ಎಲ್ಲಿ ಹೋಯಿತು ಎಂದು ಅಜ್ಜಿಯನ್ನು ಕೇಳಿದೆ. ಆಗ ಅವಳಿಗೆ ಎಂಬತ್ತು ದಾಟಿತ್ತು. “ಎಲ್ಲಿ ಹೋಗ್ತದೆ ತಮಾ? ನಿನ್ನ ಸೊಂಟಕ್ಕೇ ಹೋಯ್ತು” ಎಂದಳು. ನಾನು ಹುಟ್ಟಿದ ವರ್ಷ ಮನೆಯಲ್ಲಿ ಕಾಸಿರಲಿಲ್ಲ. ಮೊಮ್ಮಗನಿಗೆ ಬೆಳ್ಳಿಯ ಉಡಿದಾರ ಬೇಕೇ ಬೇಕು ಎಂದು ಅವಳು ಅದನ್ನು ಶೇಟರ ಅಂಗಡಿಗೆ ಕೊಟ್ಟು ಕರಗಿಸಿದ್ದಳು. ಕಂಚಿಗೆ ಬೆಲೆಯಿಲ್ಲದ್ದರಿಂದ ಅದು ಉಳಿಯಿತು. ನಮ್ಮ ಕರಾವಳಿಯಲ್ಲಿ ಬೆಳ್ಳಿಯ ಪದಕ ಅಪರೂಪ, ಕಂಚಿನದು ಆಗಾಗ ಸಿಗುತ್ತದೆ. ಕಾರಣ ಇದೇ ಇರಬೇಕೆಂದು ನನ್ನ ಎಣಿಕೆ.

ಪದಕ ಅಟ್ಟ ಸೇರಿದ್ದು ಹೇಗೆ ಎಂಬುದನ್ನೂ ಅವಳೇ ಹೇಳಿದಳು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯದೆ ಮುರಿದದ್ದು, ಆಮೇಲೆ ಕರನಿರಾಕರಣೆ ಹಬ್ಬಿ ನಮ್ಮ ತಾಲೂಕಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಎಲ್ಲರಿಗೂ ಗೊತ್ತು. ಅಜ್ಜ ಆ ಚಳವಳಿಗೆ ಇಳಿದು ಜೈಲಿಗೆ ಹೋದ. ಕರ ಕಟ್ಟದ ಮನೆ ಎಂದು ಜಪ್ತಿಗೆ ಬಂದವರು ತಾಮ್ರದ ಹಂಡೆ ಹೊರಗೆ ತರುತ್ತಿದ್ದಾಗ ಜಗಲಿಯ ಗೋಡೆಯ ಮೇಲೆ ಎರಡು ಪದಕ ಕಂಡವಂತೆ. “ಸರಕಾರದ ಪದಕ ಬೇಕು, ಸರಕಾರಕ್ಕೆ ಕರ ಬೇಡವೋ?” ಎಂದು ಅವರಲ್ಲೊಬ್ಬ ಬಸ್ರಾ ಅಜ್ಜನನ್ನು ಕೇಳಿದ. ಮುತ್ತಜ್ಜ ಉತ್ತರ ಕೊಡಲಿಲ್ಲ. ಎದ್ದು ಪದಕ ತೆಗೆದು ಒಳಗೆ ಒಯ್ದರು. ಅವರು ಬದುಕಿರುವವರೆಗೆ ಅವು ಮತ್ತೆ ಹೊರಗೆ ಬರಲಿಲ್ಲ. ಮಗ ಬ್ರಿಟಿಷರ ಜೈಲಿನಲ್ಲಿ, ಅಪ್ಪ ಬ್ರಿಟಿಷರ ಪದಕದವರು. ಇಬ್ಬರೂ ಒಂದೇ ಬಟ್ಟಲಲ್ಲಿ ಗಂಜಿ ಉಂಡವರು. ಆಗಸ್ಟ್ 15ರ ಭಾಷಣದಲ್ಲಿ ನಾನು ವರ್ಷ ವರ್ಷವೂ ಅಜ್ಜನ ತಾಮ್ರಪತ್ರದ ಬಗ್ಗೆ ಹೇಳಿದ್ದೆ, ಮುತ್ತಜ್ಜನ ಸುದ್ದಿ ಎತ್ತಿರಲಿಲ್ಲ. ನಾನೂ ಆ ಗಂಟನ್ನು ಮುಚ್ಚಿಟ್ಟವರಲ್ಲಿ ಒಬ್ಬ.

ಆ ಮೇಲೆ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಅಟ್ಟ, ಕಪಾಟು, ದೇವರ ಕೋಣೆ ಹುಡುಕಿ, ಯುದ್ಧಕ್ಕೆ ಸಂಬಂಧಿಸಿದ ಏನಿದ್ದರೂ ಮನೆಯವರ ಒಪ್ಪಿಗೆ ಪಡೆದು ತನ್ನಿ, ನೋಡಿ ಬರೆದುಕೊಂಡು ವಾಪಸು ಕೊಡುತ್ತೇನೆ ಎಂದೆ. ಒಂದು ತಿಂಗಳಲ್ಲಿ ಟ್ರಂಕು ಅರ್ಧ ತುಂಬಿತು. ಮಿಲಿಟರಿ ನೀರಿನ ಬಾಟಲಿ, ಊಟದ ಡಬ್ಬಿ, ಬಿಡುಗಡೆ ಪತ್ರ, ಹಿತ್ತಾಳೆಯ ಗುಂಡಿಗಳು, ಟೋಪಿಯ ಬಿಲ್ಲೆ, ಮುಂಬಯಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಒಬ್ಬಳು ತಂದದ್ದು ಕಪ್ಪು ಕಂಬಳಿ. ಅವಳ ಅಜ್ಜ ಅದನ್ನು ಹೊದ್ದು ಚೀನಾ ಯುದ್ಧದಿಂದ ಬಂದಿದ್ದನಂತೆ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಮನೆಗಳ ಸಾಮಾನು ಎಷ್ಟೋ ಗುಜರಿಗೆ ಬಿದ್ದಿತ್ತು. ಹಾಗಾಗಿ ಕಾರವಾರದ ರವಿವಾರ ಸಂತೆಗೆ ಹೋದಾಗಲೆಲ್ಲ ನಾನು ಗುಜರಿಯವರ ತಕ್ಕಡಿಯ ಹತ್ತಿರ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪದಕವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ದೇವರ ದೀಪ ಬೆಳಗಿದ ಹಾಗೆ ಬೆಳಗಿ ತಂದ ಒಂದು ಪದಕದಲ್ಲಿ ಅಂಚಿನ ಹೆಸರೇ ಸವೆದುಹೋಗಿತ್ತು. ಎಣ್ಣೆ ಹಚ್ಚಿದ ಮೆತ್ತನೆಯ ಬಟ್ಟೆ ಸಾಕು. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ನಿನಲ್ಲಿ ಹೆಸರಿಲ್ಲದೆ ಕೊಟ್ಟರು, ಭಾರತದ ಸೈನಿಕರಿಗೆ ಮಾತ್ರ ಹೆಸರು ಕೆತ್ತಿ ಕೊಟ್ಟರು. ದುಂಡನೆಯ ಪದಕವಾದರೆ ಅಂಚಿನಲ್ಲಿ, ಆರು ಮೂಲೆಯ ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಬೇಕು. ಇದೊಂದು ವಿಷಯದಲ್ಲಿ ನಾವು ಅದೃಷ್ಟವಂತರು.

ಹೀಗೆ ಬಂದ ವಸ್ತುಗಳಲ್ಲಿ ಒಂದು ಬರ್ಮಾ ಸ್ಟಾರ್. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ ಬರ್ಮಾದ ರಣರಂಗದಲ್ಲಿ ಕೆಲಸ ಮಾಡಿದವರಿಗೆ ಕೊಟ್ಟದ್ದು. ಅದನ್ನು ತಂದ ಹುಡುಗ, ತನ್ನ ಮುತ್ತಜ್ಜ ಜಪಾನಿಯರ ಮೇಲೆ ಮಷಿನ್ ಗನ್ ಹೊಡೆದು ಈ ಪದಕ ಗೆದ್ದದ್ದು ಎಂದ. ನನಗೂ ಉತ್ಸಾಹ. ಹಿಂಬದಿಯನ್ನು ಸರಿಯಾಗಿ ನೋಡುವ ಮೊದಲೇ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಸಂಜೆ ಭೂತಗನ್ನಡಿ ಹಿಡಿದು ನೋಡಿದರೆ ಹೆಸರಿನ ಹಿಂದೆ ಇದ್ದ ದರ್ಜೆ ‘ಕುಕ್’. ಅಡುಗೆಯವರು. ಮುಚ್ಚಿಡುವುದು ಸರಿಯಲ್ಲ ಎಂದು ಮರುದಿನ ಹುಡುಗನಿಗೆ ಹೇಳಿದೆ. ಹೇಳಿದ ರೀತಿ ಸರಿಯಿರಲಿಲ್ಲ, ಪಕ್ಕದಲ್ಲಿ ಇತರರೂ ಇದ್ದರು. ‘ಭಟ್ಟರ ಪದಕ’ ಎಂದು ಹಾಸ್ಯ ಶುರುವಾಯಿತು. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಐದನೇ ದಿನ ನಾನೇ ಅವನ ಮನೆಗೆ ಹೋದೆ. ಅವನ ಅಜ್ಜಿ, ಎಂದರೆ ಆ ಅಡುಗೆಯವರ ಮಗಳು, ಜಗಲಿಯಲ್ಲಿ ಮಣೆ ಹಾಕಿ ಕೂರಿಸಿದಳು. “ಬಂದೂಕು ಹಿಡ್ದವ ಅಂತ ನಾವೇ ಹೇಳ್ಕಂಡದ್ದು ಮಾಸ್ತರ್ರೆ. ಅಪ್ಪ ಒಂದು ದಿನವೂ ಹಾಗೆ ಹೇಳಿರ್ಲಿಲ್ಲ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸೋದು ಹೇಗೆ ಅಂತ ಮಾತ್ರ ಹೇಳಿದ್ರು. ಹೊಗೆ ಕಂಡ್ರೆ ಜಪಾನಿನವ್ರು ಗುಂಡು ಹಾಕ್ತಿದ್ರಂತೆ” ಎಂದಳು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆ ಇಪ್ಪತ್ತೈದು ಲಕ್ಷ ಜನರವರೆಗೆ ಬೆಳೆದಿತ್ತು. ಅಷ್ಟು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕಿದವರ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಅಜ್ಜಿಯ ಮಾತನ್ನು ನಾನು ಅಲ್ಲೇ ಬರೆದುಕೊಂಡೆ. ಸೋಮವಾರದ ಪ್ರಾರ್ಥನೆಯಲ್ಲಿ ಅದನ್ನು ಓದಿದವನು ಆ ಹುಡುಗನೇ.

ಬರ್ಮಾ ಎಂದಾಗ ನಮ್ಮ ಜಿಲ್ಲೆಯವರು ನೆನೆಯಬೇಕಾದ ಇನ್ನೊಂದು ಹೆಸರು ಚೆಂಡಿಯಾದ ರಾಮ ರಾಘೋಬ ರಾಣೆ. ಕಾರವಾರದ ಕಡಲತೀರದಲ್ಲಿ ಯುದ್ಧನೌಕೆ ವಸ್ತುಸಂಗ್ರಹಾಲಯದ ಹತ್ತಿರ ಅವರ ಪ್ರತಿಮೆಯನ್ನು ಮಕ್ಕಳೆಲ್ಲ ನೋಡಿದ್ದಾರೆ, ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದಾರೆ. ಪರಮವೀರ ಚಕ್ರ ಸಿಕ್ಕಿತು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬಾಲ್ಯ. ಅವರು ಹುಟ್ಟಿದ್ದು 1918ರ ಜೂನ್ 26. ತಂದೆ ಪೊಲೀಸ್ ಪೇದೆ, ಪದೇ ಪದೇ ವರ್ಗವಾಗುತ್ತಿದ್ದುದರಿಂದ ಓದು ಸರಿಯಾಗಿ ಸಾಗಲಿಲ್ಲ. 1930ರಲ್ಲಿ, ಹನ್ನೆರಡು ವರ್ಷದ ಹುಡುಗ ಗಾಂಧೀಜಿಯವರ ಚಳವಳಿಯತ್ತ ವಾಲಿದಾಗ, ಗಾಬರಿಯಾದ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು. ಅದೇ ಹುಡುಗ 1940ರ ಜುಲೈ 10ರಂದು ಬಾಂಬೆ ಸ್ಯಾಪರ್ಸ್ ಸೇರಿದ. ನಮ್ಮ ಮನೆಯಲ್ಲಿ ಅಪ್ಪ ಮತ್ತು ಮಗ ಹಂಚಿಕೊಂಡಿದ್ದ ಎರಡು ದಾರಿಗಳನ್ನು ಅವರು ಒಬ್ಬರೇ ನಡೆದರು.

ಅರಾಕಾನಿನಲ್ಲಿ ನಮ್ಮ ಸೇನೆ ಹಿಂದೆ ಸರಿದಾಗ ಬುಥಿಡಾಂಗಿನ ಮುಖ್ಯ ನೆಲೆಗಳನ್ನು ಸ್ಫೋಟಿಸುವ ಕೆಲಸಕ್ಕೆ ರಾಣೆಯವರನ್ನೂ ಎರಡು ತುಕಡಿಗಳನ್ನೂ ಹಿಂದೆ ಬಿಟ್ಟಿದ್ದರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಕರೆದೊಯ್ಯಬೇಕಿತ್ತು, ಅದು ಆಗಲಿಲ್ಲ. ಜಪಾನಿಯರು ಕಾಯುತ್ತಿದ್ದ ನದಿಯನ್ನು ತಾವೇ ದಾಟಿ ಅವರು ನಮ್ಮ ಸೈನ್ಯವನ್ನು ಕೂಡಿಕೊಂಡರು.

ಅವರ ಹೆಸರು ದೇಶಕ್ಕೆ ತಿಳಿದದ್ದು 1948ರ ಏಪ್ರಿಲಿನಲ್ಲಿ. ರಜೌರಿಯನ್ನು ಮರಳಿ ಪಡೆಯಲು 4 ಡೋಗ್ರಾ ಪಲ್ಟನು ನೌಶೇರಾದಿಂದ ಹೊರಟಿತ್ತು. ದಾರಿಯುದ್ದಕ್ಕೂ ಶತ್ರುಗಳು ನೆಲಬಾಂಬು ಹೂತು, ಮರ ಉರುಳಿಸಿ, ಕಲ್ಲು ಒಟ್ಟಿ ತಡೆದಿದ್ದರು. ಟ್ಯಾಂಕು ಮುಂದೆ ಹೋಗದೆ ಪಲ್ಟನು ಹೋಗುವಂತಿರಲಿಲ್ಲ. 8ರಂದು ಕೆಲಸ ಶುರುಮಾಡುವಾಗಲೇ ಬಿದ್ದ ಮಾರ್ಟರ್ ಗುಂಡಿಗೆ ರಾಣೆಯವರ ಇಬ್ಬರು ಜೊತೆಗಾರರು ಸತ್ತರು, ಅವರಿಗೂ ಸೇರಿ ಐವರಿಗೆ ಗಾಯವಾಯಿತು. ಆದರೂ ನಿಲ್ಲಲಿಲ್ಲ. ಒಂದು ಹಂತದಲ್ಲಿ ಅವರು ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳಿದರು. ಕೈಯಲ್ಲಿ ಚಾಲಕನಿಗೆ ಕಟ್ಟಿದ ಎರಡು ಹಗ್ಗ. ಒಂದನ್ನು ಎಳೆದರೆ ನಿಲ್ಲು, ಇನ್ನೊಂದನ್ನು ಎಳೆದರೆ ನಡೆ. ನೆಲಬಾಂಬು ಕಂಡಲ್ಲಿ ನಿಲ್ಲಿಸಿ, ತೆಗೆದು, ಮತ್ತೆ ಮುಂದೆ. ಹೀಗೆ 11ರವರೆಗೆ ಚಿಂಗಸ್ ತನಕ ದಾರಿ ಬಿಡಿಸಿದರು. 12ರಂದು ರಜೌರಿ ಕೈವಶವಾಯಿತು. ಬದುಕಿದ್ದು ಪರಮವೀರ ಚಕ್ರ ಪಡೆದವರಲ್ಲಿ ಅವರು ಮೊದಲಿಗರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಈಗ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿದೆ.

ಅದೇ ಪ್ರತಿಮೆಯ ಬಳಿಯ ಚಾಪಲ್ ನೌಕೆಯ ಬಗ್ಗೆ ಒಂದು ತಿದ್ದುಪಡಿ. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಹಡಗು ಇದೇ ಎಂದು ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ಬರೆದುಕೊಂಡು ಬರುತ್ತಿದ್ದರು, ನಾನೂ ಸರಿ ಎಂದು ಗುರುತು ಹಾಕುತ್ತಿದ್ದೆ. ಆ ಜಾತಿಯ ಕ್ಷಿಪಣಿ ದೋಣಿಗಳೇ ಕರಾಚಿಗೆ ಹೋದದ್ದು ನಿಜ. ಆದರೆ ಚಾಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ನಿವೃತ್ತಿಯಾಗಿದ್ದು 2005ರಲ್ಲಿ, ಮರುವರ್ಷ ಕಾರವಾರದ ದಂಡೆಗೆ ಬಂತು. ನಾನು ಅಂಕ ಕೊಟ್ಟ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ತಿದ್ದಿಕೊಳ್ಳಿ.

ನಿಜವಾದ ಯುದ್ಧ ನಮ್ಮ ಕಣ್ಣಳತೆಯಲ್ಲೇ ನಡೆದದ್ದು ಅಂಜುದೀವ್ ದ್ವೀಪದಲ್ಲಿ, 1961ರ ಡಿಸೆಂಬರ್ 18ರಂದು. ಗೋವಾ ವಿಮೋಚನೆಯ ಆ ದಿನ ತ್ರಿಶೂಲ್ ನೌಕೆಯಿಂದ ಇಳಿದ ನಾವಿಕರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಮೈಸೂರು ನೌಕೆಯ ತೋಪುಗಳು ಬೆಂಬಲಕ್ಕಿದ್ದವು. ನಮ್ಮ ಏಳು ನಾವಿಕರು ಸತ್ತರು. ಬಿಣಗಾದ ನನ್ನ ಸೋದರಮಾವ ಅಂದು ಗುಡ್ಡ ಹತ್ತಿ ಹೊಗೆ ನೋಡಿದ್ದರಂತೆ. ಟ್ರಂಕಿಗೆ ಅಲ್ಲಿಂದ ಏನೂ ಬರಲಿಲ್ಲ.

ಹಡಗಿನ ಸುದ್ದಿ ಬಂದಾಗ ಇನ್ನೊಂದು ಬಗೆಯವರನ್ನು ಬಿಡುವಂತಿಲ್ಲ. ಸಮವಸ್ತ್ರವಿಲ್ಲದೆ ಯುದ್ಧದಲ್ಲಿ ಸತ್ತವರು ವ್ಯಾಪಾರಿ ಹಡಗುಗಳ ಖಲಾಸಿಗಳು. ಎರಡನೇ ಮಹಾಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ ಆರು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರಿನ ಪುಸ್ತಕಗಳು ಮುಂಬಯಿಯಲ್ಲೊಂದು, ಚಿತ್ತಗಾಂಗಿನಲ್ಲೊಂದು ಇವೆ. ಅವರಲ್ಲಿ ಹೆಚ್ಚಿನವರು ಇಂಥ ಖಲಾಸಿಗಳೇ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರನ್ನು ಚುಟುಕಗಳಿಂದ, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಿಂದ ನಾವು ಬಲ್ಲೆವು. ಅವರು ಮುಂಬಯಿಯಲ್ಲಿದ್ದಾಗ ಹಡಗು ಕಾರ್ಮಿಕರ ಪರವಾಗಿ ದುಡಿದವರು, 1940ರಲ್ಲಿ ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದವರು. ನಮ್ಮ ಟ್ರಂಕಿನಲ್ಲಿ ಒಬ್ಬ ಖಲಾಸಿಯ ಹಡಗು ಪುಸ್ತಕ ಇತ್ತು. ಹತ್ತಿದ ದಿನ, ಇಳಿದ ದಿನದ ಮುದ್ರೆಗಳು ಸಾಲಾಗಿವೆ. ಕೊನೆಯ ಸಾಲಿನಲ್ಲಿ ಹತ್ತಿದ ದಿನ ಇದೆ, ಇಳಿದ ದಿನ ಖಾಲಿ. ಪುಸ್ತಕ ಮನೆಗೆ ಬಂತೆಂದರೆ ಮನುಷ್ಯನೂ ಬಂದನೇ ಎಂದು ಮಕ್ಕಳು ವಾದ ಮಾಡಿದರು. ಅದನ್ನು ತಂದವಳ ಮನೆಯವರಿಗೂ ಉತ್ತರ ಗೊತ್ತಿರಲಿಲ್ಲ.

ನಾನು 2018ರಲ್ಲಿ ನಿವೃತ್ತನಾಗುವ ಮೊದಲು ವಸ್ತುಗಳನ್ನೆಲ್ಲ ಅವರವರ ಮನೆಗೆ ಸಹಿ ಪಡೆದು ಹಿಂತಿರುಗಿಸಿದೆ. ಬರ್ಮಾ ಸ್ಟಾರ್ ಒಯ್ದುಕೊಟ್ಟ ದಿನ ಆ ಅಜ್ಜಿ ಇರಲಿಲ್ಲ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಸಂತೆಯಲ್ಲಿ ಕೊಂಡ ಮೂರು ಪದಕಗಳಿಗೆ ಮಾತ್ರ ಇನ್ನೂ ಮನೆ ಸಿಕ್ಕಿಲ್ಲ. ಅವು ಟ್ರಂಕಿನಲ್ಲೇ ಇವೆ, ಅಂಚಿನಲ್ಲಿರುವ ಹೆಸರು ಮತ್ತು ನಂಬರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಅದನ್ನು ಒಮ್ಮೆ ತೆರೆದು ನೋಡಬೇಕು.

ನನ್ನ ಉಡಿದಾರವನ್ನು ಅಮ್ಮ ಜೋಪಾನವಾಗಿ ಇಟ್ಟಿದ್ದಳು. ಕಳೆದ ವರ್ಷ ಮೊಮ್ಮಗಳಿಗೆ ಕಾಲುಗೆಜ್ಜೆ ಮಾಡಿಸೋಣ ಎಂದು ಮನೆಯವರು ತೆಗೆದರು. ಶೇಟರ ಅಂಗಡಿಯಲ್ಲಿ ತೂಗಿ ನೋಡಿದರೆ ಎರಡೂಕಾಲು ತೊಲ ಬಂತು. ಗೆಜ್ಜೆಗೆ ಬೇರೆ ಬೆಳ್ಳಿ ಕೊಂಡೆವು. ಉಡಿದಾರ ಈಗ ಕಂಚಿನ ಪದಕದ ಜೊತೆ ಒಂದೇ ಡಬ್ಬಿಯಲ್ಲಿದೆ, ಡಬ್ಬಿ ತಾಮ್ರಪತ್ರದ ಕೆಳಗಿನ ಗೂಡಿನಲ್ಲಿದೆ.